ಬಾಡಿಗೆ ಮನೆಯೊಳಗಿನ ದೇವರ ಗೂಡು

ಪುಟ್ಟೇನಹಳ್ಳಿ ಕೆರೆಯ ಮೇಲೆ ಬೆಳಕು ಬೀಳುವ ಹೊತ್ತಿಗೆ ಗೋಪಾಲಮ್ಮನ ಅರ್ಧ ದಿನದ ಕೆಲಸ ಮುಗಿದಿರುತ್ತಿತ್ತು. ಎದ್ದ ಕೂಡಲೇ ಸಂಪಿನ ಮೋಟರ್ ಹಾಕಬೇಕು. ತಾರಸಿಯ ಟ್ಯಾಂಕ್ ತುಂಬಿ ಸುರಿಯುವ ಸದ್ದಿಗೆ ಒಂದು ಕಿವಿ ಮೀಸಲಿಟ್ಟು ಪೊರಕೆ ಹಿಡಿಯಬೇಕು. ಅಂಗಳ ಗುಡಿಸಿ ನೀರು ಚಿಮುಕಿಸಬೇಕು. ಹಸು ಮಾರಿದ ಮೇಲೆ ಸಗಣಿ ಇಲ್ಲ, ಬರೀ ನೀರು. ತನ್ನ ಬಾಗಿಲಿಗೊಂದು ರಂಗೋಲಿ, ಬಾಡಿಗೆಯವರ ಬಾಗಿಲಿಗೊಂದು. ಹಿತ್ತಲ ಹಂಡೆಗೆ ತೆಂಗಿನ ಮಟ್ಟೆ ಒಟ್ಟಿ ಉರಿ ಹಚ್ಚಬೇಕು, ಯಾಕೆಂದರೆ ತಾರಸಿ ಮೇಲೆ ಸೋಲಾರ್ ಇದ್ದರೂ ಗಂಡ ಬ್ಯಾಟರಾಯಪ್ಪನಿಗೆ ಆ ನೀರು ಮೈಗೆ ಹತ್ತುವುದಿಲ್ಲ. ನೆನೆಸಿಟ್ಟ ಹುರುಳಿಕಾಳು ಬಸಿದು ಮೊಳಕೆಗೆ ಬಟ್ಟೆ ಕಟ್ಟಬೇಕು. ಹಾಲು ಕಾಯಿಸಿ ಆರಲು ಇಡಬೇಕು. ಆಮೇಲೆ ತಾನು ಮಿಂದು, ಒದ್ದೆ ಕೂದಲಿಗೆ ಟವಲ್ ಸುತ್ತಿ, ಎಣ್ಣೆ ಶೀಷೆ, ಬತ್ತಿ, ಬೆಂಕಿಪೊಟ್ಟಣ, ಹಿತ್ತಲಲ್ಲಿ ಬಿಟ್ಟ ಒಂದೆರಡು ಹೂವು ತಟ್ಟೆಯಲ್ಲಿಟ್ಟುಕೊಂಡು ಹೊರಡಬೇಕು.

ಹೊರಡುವುದು ಪಕ್ಕದ ಬಾಗಿಲಿಗೆ.

"ರಾಧಾ, ಬಾಗ್ಲು."

ಬೆಳಗಿನ ಜಾವದಲ್ಲಿ ಬಾಡಿಗೆದಾರರ ಮನೆಗೆ ದೀಪ ಹಚ್ಚಲು ಹೋಗುವ ಓನರಮ್ಮ ಎಲ್ಲಾದರೂ ಉಂಟೇ ಎಂದು ಕೇಳಿದರೆ, ಆ ಬೀದಿಯವರು ಅದರಲ್ಲಿ ವಿಚಿತ್ರ ಏನಿದೆ ಎನ್ನುವರು. ಹಳೇ ಮನೆ ಅದು. ಅಣ್ಣ ಬ್ಯಾಟರಾಯಪ್ಪ, ತಮ್ಮ ಪಿಳ್ಳಣ್ಣ ಭಾಗ ಮಾಡಿಕೊಂಡಾಗ ನಡುಮನೆಗೆ ಅಡ್ಡ ಗೋಡೆ ಎದ್ದಿತು. ಪಿಳ್ಳಣ್ಣ ತನ್ನ ಭಾಗದ ಬದಲು ರಸ್ತೆ ಕಡೆಯ ಸೈಟು ತಗೊಂಡು ಹೊಸ ಮನೆ ಕಟ್ಟಿಸಿಕೊಂಡ. ಹಳೇ ಮನೆಯ ಬಲಗಡೆ ಗಂಡ ಹೆಂಡತಿ ಉಳಿದರು. ಎಡಗಡೆ ಬಾಡಿಗೆಗೆ ಹೋಯಿತು. ಆದರೆ ಮನೆದೇವರ ಗೂಡು ಎಡಗಡೆಯ ಗೋಡೆಯಲ್ಲಿತ್ತು. ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಮೂಲ ಬಣ್ಣವೇ ಕಾಣದಂತಾದ ಒಂದು ಉರುಟು ಕಲ್ಲು, ಮುಂದೊಂದು ಕಂಚಿನ ದೀಪ. ಅದನ್ನು ಕದಲಿಸಬಾರದು, ಅದು ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು ಎಂದು ಪಂಚಾಯ್ತಿಯಲ್ಲಿ ಮಾತಾಗಿತ್ತು. ದೀಪ ಹಚ್ಚುವುದು ಮಾತ್ರ ಹಿರೀ ಸೊಸೆಯ ಪಾಲಿಗೆ ಬಂತು. ಆ ಪಾಲನ್ನು ಯಾರೂ ಕೇಳಿಕೊಂಡು ಬರಲಿಲ್ಲ.

ರಾಧಾಮಣಿ, ಅವಳ ಗಂಡ ಶಿವರಾಮ್, ಮಗಳು ರಾಣಿ ಈ ಮನೆಗೆ ಬಂದದ್ದು ರಾಣಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಶಿವರಾಮ್ ಜಾಲಹಳ್ಳಿ ಕಡೆ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ರಾಧಾಮಣಿ ಮನೆಯಲ್ಲೇ ಕೂತು ಯಲಹಂಕದ ಅಂಗಡಿಗಳಿಗೆ ಸೀರೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಮನೆ ತೋರಿಸುವಾಗಲೇ ಬ್ಯಾಟರಾಯಪ್ಪ ಹೇಳಿದ್ದ, "ನೋಡಮ್ಮ, ದಿನಾ ಬೆಳಿಗ್ಗೆ ನಮ್ಮನೆಯವಳು ಬಂದು ದೀಪ ಹಚ್ತಾಳೆ. ಐದು ನಿಮಿಷದ ಕೆಲ್ಸ. ಅಷ್ಟೇ ಕಂಡೀಷನ್ನು."

ಐದು ನಿಮಿಷ ಎಂದರೆ ರಾಧಾಮಣಿಗೆ ಏನು ಎಂಬುದು ಬ್ಯಾಟರಾಯಪ್ಪನಿಗೆ ತಿಳಿಯುವ ಹಾಗಿರಲಿಲ್ಲ. ಗೋಪಾಲಮ್ಮ ಬರುವ ಮೊದಲು ಚಾಪೆ ಸುತ್ತಬೇಕು, ಹಾಲ್ ಒರೆಸಬೇಕು, ರಾತ್ರಿ ಮೀನು ಮಾಡಿದ್ದರೆ ಪಾತ್ರೆ ತಿಕ್ಕಿ ವಾಸನೆ ಕಳೆಯಬೇಕು, ಕುಚ್ಚಿಗೆ ಬಂದ ರೇಷ್ಮೆ ಸೀರೆಗಳನ್ನು ಎಣ್ಣೆ ತಾಗದ ಹಾಗೆ ಒಳಗೆ ಸಾಗಿಸಬೇಕು. ಅದಕ್ಕೆ ಮೊದಲು ಗಂಡನನ್ನು ಎಬ್ಬಿಸಬೇಕು. ಗೂಡಿನ ಕೆಳಗೇ ಮಲಗುತ್ತಿದ್ದ ಶಿವರಾಮ್ ಕಂಬಳಿ ಹೊದ್ದು ಹೊರಗಿನ ಜಗಲಿಯ ಮೇಲೆ ಕೂತು ತೂಕಡಿಸುತ್ತಿದ್ದ. ಚಳಿಗಾಲದಲ್ಲಿ ಹಾಲು ಹಾಕುವವನು, "ಏನ್ ಗುರು, ಇವತ್ತೂ ಹೆಂಡ್ತಿ ಹೊರಗಾಕಿದ್ಲಾ?" ಎಂದು ಕೇಳಿಕೊಂಡೇ ಹೋಗುತ್ತಿದ್ದ.

ತಾನು ಬರುವುದಕ್ಕಾಗಿ ಇವಳು ಬೇಗ ಏಳುತ್ತಾಳೆ ಎಂದು ಗೋಪಾಲಮ್ಮನಿಗೆ ಗೊತ್ತಿರಲಿಲ್ಲ. ಇವಳಿಗೆ ಬೇಗ ಏಳುವ ಅಭ್ಯಾಸ ಎಂದುಕೊಂಡಿದ್ದಳು. ರಾಧಾಮಣಿ ಏಳುತ್ತಾಳಲ್ಲ, ಕಾಯಿಸಬಾರದು ಎಂದು ತಾನೂ ಬೇಗ ಮೀಯುತ್ತಿದ್ದಳು. ಒಬ್ಬರಿಗಾಗಿ ಒಬ್ಬರು ನಿದ್ದೆಗೆಟ್ಟು ಇಬ್ಬರು ಹೆಂಗಸರು ಎಷ್ಟೋ ವರ್ಷ ಕಳೆದರು. ಇನ್ನೊಂದು ಗಳಿಗೆ ಮಲಗೋಣ ಕಣೇ ಎಂದು ಇಬ್ಬರಲ್ಲಿ ಯಾರೂ ಬಾಯಿಬಿಡಲಿಲ್ಲ.

ತಿಂಗಳಲ್ಲಿ ಮೂರು ದಿನ ಬಾಗಿಲು ತೆಗೆಯುವ ಕೆಲಸ ಶಿವರಾಮನದು. ಆಗ ರಾಧಾಮಣಿ ಹಿಂದಿನ ಬಾತ್‌ರೂಮಿನಲ್ಲಿ ನಿಂತಿರುತ್ತಿದ್ದಳು, ದೀಪ ಹಚ್ಚಿ ಆಗುವವರೆಗೆ. ಹೀಗಾಗಿ ಅವಳ ತಿಂಗಳ ಲೆಕ್ಕ ಅವಳಿಗಿಂತ ಮೊದಲು ಗೋಪಾಲಮ್ಮನ ಬಾಯಲ್ಲಿ ಇರುತ್ತಿತ್ತು. ಒಂದು ಸಲ ಆ ಮೂರು ದಿನ ತಡವಾದಾಗ ಬತ್ತಿ ಹೊಸೆಯುತ್ತಾ ಕೇಳಿಯೇಬಿಟ್ಟಿದ್ದಳು: "ಏನ್ ರಾಧಾ, ಏನಾದ್ರೂ ವಿಶೇಷನಾ? ರಾಣಿಗೆ ತಮ್ಮ ಬರ್ತಾನಾ?" ಜಗಲಿಯಲ್ಲಿ ಕೂತಿದ್ದ ಶಿವರಾಮ್ ಅದನ್ನು ಕೇಳಿ ತಿರುಗಿ ನೋಡಿದ. ಹೆಂಡತಿ ಅವನಿಗೆ ಇನ್ನೂ ಹೇಳಿರಲಿಲ್ಲ. ವಾರದೊಳಗೆ ಹೇಳುವಂಥದ್ದು ಏನೂ ಉಳಿಯಲೂ ಇಲ್ಲ. ಗೋಪಾಲಮ್ಮ ಮೆಂತ್ಯದ ಗಂಜಿ ಮಾಡಿ ತಂದುಕೊಟ್ಟಳು. ರಾಧಾಮಣಿ ಕುಡಿದಳು. ಮನೆಯಲ್ಲಿ ಒಂದು ವಿಷಯ ಹುಟ್ಟಿ ತನ್ನ ಪಾಡಿಗೆ ತಾನು ಸಾಯುವುದಕ್ಕೂ ಜಾಗವಿಲ್ಲವಲ್ಲ ಎಂದು ಅವಳಿಗೆ ಅನಿಸಿದ್ದು ಗಂಜಿ ಕುಡಿಯುವಾಗ.

ಗೋಪಾಲಮ್ಮ ಕೆಟ್ಟವಳಾಗಿದ್ದರೆ ರಾಧಾಮಣಿಗೆ ಸುಲಭವಾಗುತ್ತಿತ್ತು. ದೀಪ ಹಚ್ಚಲು ಬಂದವಳು ಉಕ್ಕುವ ಹಾಲು ಇಳಿಸುವಳು, ಉದುರಿದ ದಾರದ ತುಂಡು ಆರಿಸಿ ಹಾಕುವಳು. ಬಾಡಿಗೆಯವರು ಊರಿಗೆ ಹೋಗಿದ್ದರೆ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದು ದೀಪ ಹಚ್ಚಿ, ಹಾಗೇ ಹಗ್ಗದ ಮೇಲಿನ ಬಟ್ಟೆಯೆಲ್ಲ ಮಡಿಚಿಡುವಳು, ಒಳಬಟ್ಟೆಗಳನ್ನೂ. ಒಮ್ಮೆ ಅಕ್ಕಿ ಡಬ್ಬ ಇರಬೇಕಾದ ಮೂಲೆ ಇದಲ್ಲ ಎಂದು ಇಡೀ ಅಡುಗೆಮನೆಯನ್ನೇ ಬದಲಾಯಿಸಿದ್ದಳು. ಶೆಟ್ಟಿಹಳ್ಳಿಯ ತವರಿನಿಂದ ಬಂದ ರಾಧಾಮಣಿ ಸಾಸಿವೆ ಡಬ್ಬಕ್ಕಾಗಿ ಅರ್ಧ ಗಂಟೆ ಹುಡುಕಿದಳು.

"ಹೇಳಿ ಬರ್ಬೇಕು ಅಂತ ಅಗ್ರಿಮೆಂಟಲ್ಲೇ ಇದೆಯಂತೆ ಅಮ್ಮ," ಎಂದು ಒಮ್ಮೆ ನಗುತ್ತಾ ಅಂದು ನೋಡಿದ್ದಳು. "ಓನರ್ ಒಳಗೆ ಬರೋಕೆ ಮುಂಚೆ ತಿಳಿಸ್ಬೇಕಂತೆ."

"ದ್ಯಾವ್ರಿಗೆ ದೀಪ ಅಚ್ಚಕ್ಕೆ ನೋಟೀಸ್ ಕೊಡ್ಬೇಕೇನಮ್ಮ ನಿಂಗೆ?" ಎಂದು ಗೋಪಾಲಮ್ಮನೂ ನಕ್ಕಳು. ಮಾತು ಅಲ್ಲಿಗೆ ನಿಂತಿತು.

ರಾಣಿ ಎಂಟನೇ ಕ್ಲಾಸಿಗೆ ಬಂದ ವರ್ಷ, ಕಾರ್ತಿಕದಲ್ಲಿ, ಆ ಮಾತು ಮುಂದುವರಿಯಿತು.

ಹಿಂದಿನ ಬೀದಿಯ ಒಂದು ಹುಡುಗಿ ಮೈನೆರೆದಾಗ ಅವರ ಮನೆಯವರು ಶಾಮಿಯಾನ ಹಾಕಿ, ಹುಡುಗಿಯ ದೊಡ್ಡ ಫೋಟೊ ಇರುವ ಫ್ಲೆಕ್ಸ್ ಬಸ್ ಸ್ಟಾಪಿನ ಹತ್ತಿರ ಕಟ್ಟಿಸಿದ್ದರು. ಕ್ಲಾಸಿನ ಹುಡುಗರು ಆ ಫ್ಲೆಕ್ಸಿನ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಅವಳು ಬಂದಾಗಲೆಲ್ಲ ಭಾಷಣದ ಧಾಟಿಯಲ್ಲಿ ಹೇಳುತ್ತಿದ್ದರು. ಅದನ್ನು ಕಂಡಿದ್ದ ರಾಣಿ ತನ್ನ ಸರದಿ ಬಂದ ದಿನ ತಾಯಿಯ ಕೈ ಹಿಡಿದುಕೊಂಡು ಮಾತು ತಗೊಂಡಳು. ಯಾರಿಗೂ ಹೇಳಬಾರದು. ಶೆಟ್ಟಿಹಳ್ಳಿ ಅಜ್ಜಿಗೂ ಬೇಡ, ಅಪ್ಪನಿಗೂ ಬೇಡ.

"ಆಯ್ತು ಕಣೆ," ಎಂದಳು ರಾಧಾಮಣಿ. "ನಿಂದು ನಿನ್ ಹತ್ರನೇ ಇರ್ಲಿ."

ಆದರೆ ಹಾಲ್‌ನಲ್ಲಿ ದೇವರ ಗೂಡಿತ್ತು. ರಾಧಾಮಣಿಗೆ ಅದರಲ್ಲಿ ಅಷ್ಟೇನೂ ನಂಬಿಕೆ ಇಲ್ಲ, ಆದರೂ ಬೇರೆಯವರ ದೇವರು, ಯಾಕೆ ಬೇಕು ಎಂದು ರಾಣಿಯ ಚಾಪೆಯನ್ನು ಹಾಲ್‌ನಿಂದ ಅಡುಗೆಮನೆಯ ಆಚೆ ಗೋಡೆಗೆ ಸರಿಸಿದಳು. ಜ್ವರ ಎಂದು ಗಂಡನಿಗೆ ಹೇಳಿದಳು. ಅವನು ನಂಬಿ ಒಂದು ಮಾತ್ರೆ ತಂದುಕೊಟ್ಟ. ಬೆಳಿಗ್ಗೆ ದೀಪ ಹಚ್ಚಿ ತಿರುಗಿದ ಗೋಪಾಲಮ್ಮ ಒಮ್ಮೆ ಚಾಪೆ ಇಲ್ಲದ ಜಾಗ ನೋಡಿದಳು, ಒಮ್ಮೆ ಚಾಪೆ ಇದ್ದ ಜಾಗ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

ಗೋಪಾಲಮ್ಮನಿಗೆ ಇಬ್ಬರೂ ಗಂಡುಮಕ್ಕಳು. ಒಬ್ಬ ದೊಡ್ಡಬಳ್ಳಾಪುರದಲ್ಲಿ ಹೆಂಡತಿಯ ಊರಿನಲ್ಲಿ ಕೋಳಿ ಫಾರಂ ಇಟ್ಟಿದ್ದ, ಇನ್ನೊಬ್ಬ ಆರ್.ಟಿ. ನಗರದಲ್ಲಿ ಟೈಲ್ಸ್ ಅಂಗಡಿ. ಒಂದು ಹೆಣ್ಣುಮಗುವಿಗೆ ಆರತಿ ಎತ್ತುವ ಭಾಗ್ಯ ತನಗಿಲ್ಲ ಎಂದು ಕೊರಗಿದ್ದವಳು. ತನ್ನ ಕಣ್ಣೆದುರೇ ಜಡೆ ಉದ್ದವಾದ ಹುಡುಗಿ. ಗೋಪಾಲಮ್ಮನ ಕೈಕಾಲು ನಿಲ್ಲಲಿಲ್ಲ. ಎಳ್ಳು ಹುರಿದಳು, ಬೆಲ್ಲ ಕುಟ್ಟಿದಳು, ಚಿಗಳಿ ಉಂಡೆ ಕಟ್ಟಿದಳು, ಕೊಬ್ಬರಿ ತುರಿದಳು. ಮಗ ಕೊಡಿಸಿದ್ದ, ತಾನು ಉಡದೆ ಇಟ್ಟಿದ್ದ ಹಸಿರು ಸೀರೆ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಅವಳ ಹಿಂದೆ ಇದ್ದರು.

ರಾಧಾಮಣಿ ಆಗ ಕುಚ್ಚು ಕಟ್ಟಿದ ಸೀರೆ ಕೊಡಲು ಯಲಹಂಕಕ್ಕೆ ಹೋಗಿದ್ದಳು. ಮಗಳು ಒಳಗಿರುವಾಗಲೇ ಹೊರಗಿನಿಂದ ಬೀಗ ಹಾಕಿ ಹೋಗಿದ್ದಳು. ಬೀಗ ಕಂಡರೆ ಯಾರೂ ತಟ್ಟುವುದಿಲ್ಲ ಎಂದು.

"ಅಯ್ಯೋ, ಎಣ್ಮಗ ಒಂದೇ ಒಳಗೆ ಬಿದ್ದದೆ," ಎಂದು ಗೋಪಾಲಮ್ಮ ಸೆರಗಿನ ಗಂಟಿನಿಂದ ತನ್ನ ಬೀಗದ ಕೈ ತೆಗೆದಳು.

ರಾಣಿ ಹಳೇ ಲಂಗ ತೊಟ್ಟು, ಹೊಟ್ಟೆಯ ಮೇಲೆ ಬಿಸಿನೀರಿನ ಬಾಟಲಿ ಅಮುಕಿಕೊಂಡು ಮಲಗಿದ್ದಳು. ಕಣ್ಣು ಬಿಟ್ಟಾಗ ಸುತ್ತ ಐದು ಜನ ಹೆಂಗಸರು, ಅವರ ಕೈಯಲ್ಲಿ ಆರತಿ ತಟ್ಟೆ. ಒಬ್ಬರು ಸೋಬಾನೆ ಎತ್ತಿಕೊಂಡರು. ಇನ್ನೊಬ್ಬರು ಅವಳನ್ನು ಎಬ್ಬಿಸಿ ಕೂರಿಸಿ ಹಸಿರು ಸೀರೆ ಹೊದಿಸಿದರು. ಹಣೆಗೆ ಅರಿಶಿನ ಬಳಿದರು. ಬಾಯಿಗೆ ಚಿಗಳಿ ತುರುಕಿದವಳು ಎದುರುಮನೆಯವಳು. ಅವಳ ಮಗ ರಾಣಿಯ ಕ್ಲಾಸಿನಲ್ಲೇ ಓದುತ್ತಿದ್ದ. ಹುಡುಗಿ ಅಳಲಿಲ್ಲ. ಉಂಡೆ ನುಂಗದೆ ಕೆನ್ನೆಯೊಳಗೆ ಇಟ್ಟುಕೊಂಡೇ ಕೂತಿದ್ದಳು. "ನಾಚ್ಕೊಳ್ತದೆ ಕಣ್ರೇ ಮಗು," ಎಂದು ಗೋಪಾಲಮ್ಮ ಮುದ್ದಿನಿಂದ ಅವಳ ದೃಷ್ಟಿ ತೆಗೆದಳು.

ಸಂಜೆ ರಾಧಾಮಣಿ ಬಂದು ಎಲ್ಲ ತಿಳಿದ ಮೇಲೆ ಗೋಪಾಲಮ್ಮನ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಡಿಚಿದ ಹಸಿರು ಸೀರೆ ಅವಳ ಕೈಯಲ್ಲಿತ್ತು.

"ನೀವು ಬಾಗ್ಲು ತಟ್ಬೇಕಿತ್ತು ಅಮ್ಮ."

"ಬೀಗ ಆಕಿತ್ತಲ್ಲಮ್ಮ. ತಟ್ಟಿದ್ರೆ ಎದ್ದು ತೆಗೀತಿತ್ತಾ ಅದು?"

"ತೆಗೀತಿರ್ಲಿಲ್ಲ. ಅದಕ್ಕೇ ಬೀಗ ಹಾಕಿದ್ದು."

ಗೋಪಾಲಮ್ಮನಿಗೆ ಅರ್ಥವಾಗಲಿಲ್ಲ. "ನಾನೇನ್ ಕೆಟ್ಟದ್ ಮಾಡ್ದೆ ಏಳು? ಶುಭ ಅಲ್ವಾ? ನನ್ ಮೊಮ್ಮಗಳು ಅಂತ್ಲೇ ಮಾಡ್ದೆ."

"ಅವಳು ಬೇಡ ಅಂದಿದ್ಲು. ಅವರಪ್ಪಂಗೂ ಹೇಳ್ಬೇಡ ಅಂದಿದ್ಲು. ಈಗ ಬೀದಿಗೆಲ್ಲ ಗೊತ್ತು, ಅವರಪ್ಪಂಗೆ ಬಸ್ ಸ್ಟಾಪಲ್ಲೇ ಹಾಲಿನವನು ಹೇಳ್ದ." ರಾಧಾಮಣಿ ಸೀರೆಯನ್ನು ಬಾಗಿಲ ಪಕ್ಕದ ಮಣೆ ಮೇಲೆ ಇಟ್ಟಳು. "ತಿಂಗಳ ಕೊನೇಲಿ ಮನೆ ಖಾಲಿ ಮಾಡ್ತೀವಮ್ಮ. ಜಾಲಹಳ್ಳಿ ಕಡೆ ನೋಡ್ತೀವಿ."

"ಮಗೀನ ಇಸ್ಕೂಲು? ವರ್ಷದ ನಡುವೆ?"

"ಹೋಗುತ್ತೆ. ಏನ್ ಮಾಡೋದು."

ಮರುದಿನ ಬೆಳಿಗ್ಗೆ ಗೋಪಾಲಮ್ಮ ತಟ್ಟೆ ಹಿಡಿದು ಹೋದಾಗ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು. "ಇವತ್ತು ಬೇಡಮ್ಮ," ಎಂದು ರಾಧಾಮಣಿಯ ದನಿ ಬಂತು. ಅದರ ಮಾರನೇ ದಿನವೂ ಅದೇ. ಎಣ್ಣೆ ಶೀಷೆ ಹಿಡಿದು ನಿಂತವಳಿಗೆ ತಾನು ಯಾರದೋ ಮನೆ ಬಾಗಿಲಲ್ಲಿ ಏನೋ ಮಾರಲು ಬಂದವಳ ಹಾಗೆ ಅನಿಸಿತು. ತಿರುಗಿ ಬಂದಳು. ಕೆಟ್ಟದ್ದೇನೋ ಆಗುತ್ತದೆ ಎಂದು ಕಾದಳು. ಹಾಲು ಒಡೆಯಲಿಲ್ಲ. ಗಂಡ ಮುದ್ದೆ ಉಂಡು ಕೆರೆ ಏರಿಯ ಮೇಲೆ ವಾಕಿಂಗ್ ಹೋಗಿಬಂದ. ಪಿಳ್ಳಣ್ಣ ತನ್ನ ಪಾಡಿಗೆ ತಾನು ಸ್ಕೂಟರ್ ಏರಿ ಓಡಾಡಿದ. ದೇವರಿಗೆ ದೀಪವಿಲ್ಲ ಎಂದು ಇಬ್ಬರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ದಿನಗಳ ಮೇಲೆ ದಿನ ಹೋದವು. ಕೊನೆಗೆ ಅವಳೇ ಹೇಳಿದಳು.

ಬ್ಯಾಟರಾಯಪ್ಪ ಪೇಪರ್ ಕೆಳಗಿಟ್ಟ. "ಚಿಲ್ಕ ಹಾಕ್ಕೊಂಡವ್ಳಾ? ನಮ್ಮನೆಗೆ?"

"ಖಾಲಿ ಮಾಡ್ತಾರಂತೆ."

"ಮಾಡ್ಲಿ ಬಿಡು. ಬೋರ್ಡ್ ತಗ್ಲಾಕಿದ್ರೆ ಸಂಜೆಗೆ ಹತ್ತು ಜನ ಬರ್ತಾರೆ."

"ಅವರ ಮನೇಲೂ ಎಣ್ಮಕ್ಳು ಇರ್ತಾವೆ," ಎಂದಳು ಗೋಪಾಲಮ್ಮ. "ದೀಪನೇ ಈ ಕಡೆ ತಂದ್ಕೊಂಡ್ರೆ?"

ಅವನು ತಮ್ಮನನ್ನು ಕರೆಸಿದ. ಇಬ್ಬರೂ ಹಾಲ್‌ನಲ್ಲಿ ಕೂತು ಗೋಪಾಲಮ್ಮ ತಂದ ಕಾಫಿ ಕುಡಿದು ವಿಚಾರ ಮಾಡಿದರು. "ಅತ್ತಿಗೆ, ಗೂಡು ಇಬ್ಬರದ್ದು ಅಂತ ಅವತ್ತೇ ಮಾತಾಗದೆ," ಎಂದ ಪಿಳ್ಳಣ್ಣ. "ನಿಮ್ಮ ಕಡೆಗೆ ಬಂದ್ರೆ ನಾಳೆ ದ್ಯಾವ್ರು ನಿಮ್ದೇ ಅಂತೀರ. ಆಮೇಲೆ ಗೋಡೆ ವಿಷ್ಯ, ಹಿತ್ತಲ ವಿಷ್ಯ ಎಲ್ಲ ಏಳ್ತದೆ." ಬ್ಯಾಟರಾಯಪ್ಪ ಶಾಸ್ತ್ರ ಕೇಳಿಸಬೇಕು ಎಂದ. ಸಂಕ್ರಾಂತಿ ಕಳೆಯಲಿ ಎಂದ. ಮಾತು ಹಿತ್ತಲಿನ ತೆಂಗಿನಮರಕ್ಕೆ ಹೋಯಿತು, ಅಲ್ಲಿಂದ ರಸ್ತೆ ಅಗಲ ಮಾಡುವ ಸುದ್ದಿಗೆ. ಲೋಟ ಎತ್ತಿಕೊಂಡು ಹೋಗಲು ನಿಂತಿದ್ದ ಗೋಪಾಲಮ್ಮ ಇಬ್ಬರನ್ನೂ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಆ ದೀಪಕ್ಕೆ ಎಣ್ಣೆ ಯಾವ ಅಂಗಡಿಯಿಂದ ಬರುತ್ತದೆ, ಬತ್ತಿ ಯಾರು ಹೊಸೆಯುತ್ತಾರೆ ಎಂದು ಇವರು ಒಮ್ಮೆಯೂ ಕೇಳಿದ್ದಿಲ್ಲ.

ರಾಣಿ ಮಾತಾಡಲು ಸಿಕ್ಕಿದ್ದು ತಾರಸಿಯ ಮೇಲೆ. ಬಟ್ಟೆ ಒಣಹಾಕಲು ಬಂದಿದ್ದಳು. ಗೋಪಾಲಮ್ಮ ಸಂಡಿಗೆ ಎತ್ತುತ್ತಿದ್ದಳು. ಹುಡುಗಿ ಇಳಿದುಹೋಗಲು ತಿರುಗಿದಳು.

"ಅಜ್ಜಿ ಜೊತೆ ಮಾತೇ ಬಿಟ್ಯಾ?"

ರಾಣಿ ಬಕೆಟ್ ಕೆಳಗಿಟ್ಟಳು. "ನಿಮ್ಮನೆಗೆ ನಾನು ಹೇಳ್ದೆ ಕೇಳ್ದೆ ಬಂದ್ರೆ ಹೆಂಗಿರುತ್ತೆ ಅಜ್ಜಿ?"

"ಬಾ. ಯಾರ್ ಬ್ಯಾಡ ಅಂತಾರೆ?"

"ನೀವು ಸ್ನಾನ ಮಾಡ್ತಿರುವಾಗ?"

ಗೋಪಾಲಮ್ಮ ನಕ್ಕುಬಿಟ್ಟಳು. "ನಮ್ ಬಚ್ಚಲಿಗೆ ಚಿಲ್ಕನೇ ಇಲ್ಲ ಕಣೇ ತಾಯಿ. ಕಿತ್ತೋಗಿ ಎಷ್ಟ್ ಕಾಲ ಆಯ್ತೋ. ನಿಮ್ ತಾತ ಸೋಪು ಎಲ್ಲಿ, ಟವಲ್ ಎಲ್ಲಿ ಅಂತ ನುಗ್ತಾನೇ ಇರ್ತಾರೆ."

ರಾಣಿ ನಗಲಿಲ್ಲ. "ನಿಮಗೆ ಬೇಡ್ವಾ, ಚಿಲ್ಕ?"

ಗೋಪಾಲಮ್ಮ ಮೊರದ ಸಂಡಿಗೆಯಲ್ಲಿ ಕೈಯಾಡಿಸಿದಳು. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

"ಇಸ್ಕೂಲಲ್ಲಿ ಹುಡುಗ್ರು ಏನಾದ್ರೂ ಅಂತಾರಾ? ಅದಕ್ಕಾ ಓಗ್ತಿರೋದು?"

"ಸ್ಕೂಲಲ್ಲಿ ಎರಡು ದಿನ ನಗ್ತಾರೆ. ಆಮೇಲೆ ಬೇರೆ ಯಾರೋ ಸಿಗ್ತಾರೆ ಅವರಿಗೆ," ಎಂದಳು ರಾಣಿ. "ನಂಗೆ ಈ ಸ್ಕೂಲ್ ಇಷ್ಟ. ಥ್ರೋಬಾಲ್ ಟೀಮಲ್ಲಿ ಇದೀನಿ. ಮನೇನೂ ಇಷ್ಟಾನೇ. ಬಾಗ್ಲು ಒಂದೇ ಇಷ್ಟ ಇಲ್ಲ. ಅದು ಯಾವಾಗ್ ತೆಗೆಯುತ್ತೆ ಅಂತ ಕೇಳಿಸ್ಕೊಂಡೇ ಮಲಗ್ಬೇಕು."

ಹುಡುಗಿ ಇಳಿದುಹೋದಳು. ಗೋಪಾಲಮ್ಮ ಮೊರ ಹಿಡಿದು ಅಲ್ಲೇ ಕೂತಳು. ಕೇಳಿಸಿಕೊಂಡು ಮಲಗುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳ ಚಾಪೆಯೂ ಆ ಗೂಡಿನ ಕೆಳಗೇ ಇತ್ತು. ಅತ್ತೆ ಮುನಿಕೃಷ್ಣಮ್ಮ ಕತ್ತಲಿರುವಾಗಲೇ ಮಗ ಸೊಸೆಯನ್ನು ದಾಟಿಕೊಂಡು ದೀಪ ಹಚ್ಚಲು ಬರುವಳು. ಅತ್ತೆಯ ಕಾಲಂದುಗೆಯ ಸದ್ದಿಗೆ ಮೊದಲೇ ಎದ್ದು, ಸೀರೆ ಸರಿ ಮಾಡಿಕೊಂಡು, ಗೋಡೆಗೆ ಒರಗಿ ಕೂತಿರಬೇಕಿತ್ತು. ಅದಕ್ಕೂ ಹಿಂದೆ, ತಾನು ದೊಡ್ಡವಳಾದಾಗ, ಸೊಪ್ಪಿನ ಗುಡ್ಲು ಹಾಕಿ ಕೂರಿಸಿ ಊರಿಗೆ ಊರೇ ನೋಡಲು ಬಂದಿತ್ತು. ಸೋದರಮಾವ ಬೆಳ್ಳಿ ಕಾಲ್ಗೆಜ್ಜೆ ಕೊಟ್ಟಿದ್ದ, ಚಿಗಳಿ ರುಚಿಯಾಗಿತ್ತು, ಅಷ್ಟನ್ನೇ ಅವಳು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಅಷ್ಟು ಜನರ ನಡುವೆ ಮುಖ ಇಡಲು ಒಂದು ಜಾಗ ಹುಡುಕಿದ್ದನ್ನು ಹೇಳಿರಲಿಲ್ಲ. ಮೊಣಕಾಲು ಸಿಕ್ಕಿತ್ತು. ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ನಾಚಿಕೆ ಎಂದು ಆಗಲೂ ಎಲ್ಲರೂ ನಕ್ಕಿದ್ದರು.

ಮರುದಿನ ಮರಗೆಲಸದವನನ್ನು ಕರೆಸಿ ಬಚ್ಚಲಿಗೆ ಚಿಲಕ ಹಾಕಿಸಿದಳು. ಹಾಕಿಕೊಂಡು ಮಿಂದಳು. ಬಿಸಿನೀರು ಹುಯ್ದುಕೊಂಡು ಸುಮ್ಮನೆ ಕೂತಳು. ಹೊರಗೆ ಬ್ಯಾಟರಾಯಪ್ಪ ಬಾಗಿಲು ತಳ್ಳಿ ನೋಡಿ, "ಲೇ ಇವಳೇ, ಏನಾಯ್ತೇ ಒಳಗೆ? ಬಿದ್ಯಾ?" ಎಂದು ಗಾಬರಿಯಾದ.

"ಬಿದ್ದಿಲ್ಲ. ಮೀತಿದೀನಿ."

"ಚಿಲ್ಕ ಯಾಕೆ?"

"ಮೀತಿದೀನಿ," ಎಂದು ಮತ್ತೆ ಹೇಳಿದಳು. ಅವನು ಹೋದ. ಅವಳು ಇನ್ನೊಂದು ಚೊಂಬು ಹುಯ್ದುಕೊಂಡಳು.

ಎರಡು ದಿನ ಬಿಟ್ಟು ಬೆಳಿಗ್ಗೆ ಮತ್ತೆ ಪಕ್ಕದ ಬಾಗಿಲಿಗೆ ಹೋದಳು. ಕೈಯಲ್ಲಿ ಎಣ್ಣೆ ಶೀಷೆ ಇರಲಿಲ್ಲ, ಒಂದು ಖಾಲಿ ಮೊರ ಇತ್ತು. ಈ ಸಲ "ಬಾಗ್ಲು" ಎನ್ನಲಿಲ್ಲ. ಬೆರಳಿನಿಂದ ತಟ್ಟಿದಳು.

"ರಾಧಾ, ನಾನು. ಒಂದ್ ಸಲ ಒಳಗ್ ಬರ್ಲಾ? ಮಗೀನೂ ಕೇಳು. ಬ್ಯಾಡ ಅಂದ್ರೆ ಓಗ್ತೀನಿ."

ಒಳಗೆ ಗುಸುಗುಸು ಆಯಿತು. ಅವಳು ಕಾದಳು. ಮನೆಯ ಯಜಮಾನಿಯಾಗಿ ಆ ಹೊಸ್ತಿಲ ಹೊರಗೆ ಹೀಗೆ ಉತ್ತರಕ್ಕೆ ಕಾದು ನಿಂತಿದ್ದು ಅದೇ ಮೊದಲು. ಕೆರೆಯ ಕಡೆಯಿಂದ ಕೊಕ್ಕರೆಗಳು ಹಾರಿಹೋದವು, ವಿಮಾನವೊಂದು ತಗ್ಗಿನಲ್ಲಿ ಹೋಯಿತು. ಬಾಗಿಲು ತೆರೆದವಳು ರಾಣಿ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಶಿವರಾಮ್ ಅಭ್ಯಾಸಬಲದಿಂದ ಕಂಬಳಿ ಎತ್ತಿಕೊಂಡು ಜಗಲಿಗೆ ಹೊರಟ. "ಮಲಿಕ್ಕೊಳಪ್ಪ ನೀನು, ಎಲ್ಲಿಗೋಗ್ತೀಯ," ಎಂದಳು ಗೋಪಾಲಮ್ಮ.

ಕದಲಬಾರದು ಎಂದು ಎಲ್ಲರೂ ಹೇಳುತ್ತಿದ್ದ ಕಲ್ಲು ಗಾರೆ ಹಾಕಿ ಕೂರಿಸಿದ್ದೇನೂ ಆಗಿರಲಿಲ್ಲ. ಎರಡೂ ಕೈಯಿಂದ ಎತ್ತಿದರೆ ಬಂತು. ತೆಂಗಿನಕಾಯಿಗಿಂತ ಒಂದಿಷ್ಟು ಭಾರ. ಅದು ಕೂತಿದ್ದ ಜಾಗದಲ್ಲಿ ಎಣ್ಣೆ ಜಿಡ್ಡಿನ ಕಪ್ಪು ವೃತ್ತ.

"ಅಮ್ಮ, ಯಜಮಾನ್ರು?" ರಾಧಾಮಣಿಯ ದನಿ ಇಳಿದಿತ್ತು.

"ಮಲಗವ್ರೆ." ಮೊರದಲ್ಲಿ ಕಲ್ಲು, ದೀಪ ಇಟ್ಟುಕೊಂಡಳು. "ಈ ಜಿಡ್ಡಿಗೆ ಸೀಗೇಪುಡಿ ಆಕಿ ಉಜ್ಜಮ್ಮ, ಓಗ್ತದೆ. ನಿನ್ನ ದಾರದ ಉಂಡೆ ಇಟ್ಕೊಳಕ್ಕೆ ಆಯ್ತದೆ." ಬಾಗಿಲ ಹತ್ತಿರ ನಿಂತು, "ಖಾಲಿ ಮಾಡೋ ವಿಷ್ಯ ನಿಮ್ ಇಷ್ಟ. ಇದ್ರೂ, ಓದ್ರೂ, ಇದು ಇನ್ ಇಲ್ಲಿಗೆ ಬರಲ್ಲ," ಎಂದಳು.

ತನ್ನ ಅಡುಗೆಮನೆಯಲ್ಲಿ ಡಬ್ಬಗಳ ಸಾಲಿನ ಪಕ್ಕ ಒಂದು ಅಡ್ಡಹಲಗೆ ಖಾಲಿ ಮಾಡಿ ಕಲ್ಲನ್ನು ಕೂರಿಸಿದಳು. ಕಾಫಿ ಮಾಡಿ ಕುಡಿದಳು. ಆಮೇಲೆ, ಬಿಸಿಲು ಬಂದ ಮೇಲೆ, ದೀಪ ಹಚ್ಚಿದಳು.

ಬ್ಯಾಟರಾಯಪ್ಪ ಅದನ್ನು ಕಂಡದ್ದು ತಿಂಡಿಗೆ ಕೂತಾಗ. ತುತ್ತು ಕೈಯಲ್ಲೇ ಉಳಿಯಿತು. ಕೂಗಾಡಲಿಲ್ಲ, ದನಿ ತಗ್ಗಿಸಿ ಮಾತಾಡಿದ, ಅದು ಕೂಗಾಟಕ್ಕಿಂತ ಕಷ್ಟ. "ಪಿಳ್ಳಣ್ಣಂಗೆ ಗೊತ್ತಾದ್ರೆ ಕೋರ್ಟಿಗೋಗ್ತಾನೆ. ಈ ವಯಸ್ಸಲ್ಲಿ ನನ್ನ ಅಲ್ಲಿ ನಿಲ್ಲಿಸ್ಬೇಕಾ ನಿಂಗೆ? ಮಧ್ಯಾಹ್ನ ಅವ್ಳು ಸೀರೆ ಕೊಡಕ್ಕೆ ಓಗ್ತಾಳೆ, ಅವ್ನು ಕೆಲ್ಸಕ್ಕೆ, ಹುಡುಗಿ ಇಸ್ಕೂಲಿಗೆ. ಬೀಗದ ಕೈ ನಿನ್ನ ಸೆರಗಲ್ಲೇ ಅದೆಯಲ್ಲ. ಸದ್ದಿಲ್ದಂಗೆ ಓಗಿ ಇದ್ದ ಜಾಗಕ್ಕೆ ಇಟ್ಟು ಬಾ. ಯಾರ್ಗೂ ಗೊತ್ತಾಗಲ್ಲ. ನಾನೂ ಇನ್ನ ಕೇಳಲ್ಲ." ಕೈ ತೊಳೆದು ಹೋದ.

ಮಧ್ಯಾಹ್ನ ಅವನು ಹೇಳಿದ ಹಾಗೇ ಆಯಿತು. ಶಿವರಾಮ್ ಬೆಳಿಗ್ಗೆಯೇ ಬಸ್ಸು ಹಿಡಿದಿದ್ದ, ರಾಣಿ ಸ್ಕೂಲಿನಲ್ಲಿದ್ದಳು, ರಾಧಾಮಣಿ ಸೀರೆಯ ಕವರ್ ಹೊತ್ತು ಬೀದಿಯ ತುದಿ ದಾಟಿದಳು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಗೋಪಾಲಮ್ಮ ಪಕ್ಕದ ಬಾಗಿಲ ಮುಂದೆ ಬಂದು ನಿಂತಳು. ಕಲ್ಲು ಇನ್ನೂ ಅಡುಗೆಮನೆಯಲ್ಲೇ ಇತ್ತು; ಅದನ್ನು ಎತ್ತುವ ಮೊದಲು ಬಾಗಿಲನ್ನು ಒಮ್ಮೆ ನೋಡಿಬರೋಣ ಎಂದು ಬಂದಿದ್ದಳು.

ನಿಜ, ಯಾರಿಗೂ ಗೊತ್ತಾಗುವುದಿಲ್ಲ. ರಾಧಾಮಣಿಗೆ ಗೊತ್ತಾದರೂ ಬೆಳಿಗ್ಗೆ ಬಂದು ಕಾಡದಿದ್ದರೆ ಅವಳು ಜಗಳಕ್ಕೆ ಬರುವವಳಲ್ಲ. ಕಲ್ಲು ಅಲ್ಲಿ, ದೀಪ ಇಲ್ಲಿ ಎಂದು ಹೇಗೋ ಸಾಗಿಸಬಹುದು. ಗಂಡ ಮಾತು ನಿಲ್ಲಿಸಿಬಿಟ್ಟರೆ ಮನೆ ಎಷ್ಟು ಭಾರವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಹಬ್ಬದಿಂದ ಹಬ್ಬದವರೆಗೆ ನಿಲ್ಲಿಸಿದ್ದ. ಪಿಳ್ಳಣ್ಣ ಕೋರ್ಟಿಗೆ ಹೋಗುವವನೇ. ಸೆರಗಿನ ಗಂಟು ಬಿಚ್ಚಿದಳು. ಬೀಗದ ಕೈ ಮೈಯ ಬಿಸಿಗೆ ಬೆಚ್ಚಗಿತ್ತು. ಬೀಗಕ್ಕೆ ಹಾಕಿ ತಿರುಗಿಸುವುದು ಬೆರಳಿಗೆ ಎಷ್ಟು ರೂಢಿಯೆಂದರೆ ಕೈ ತಾನಾಗಿಯೇ ಮುಂದೆ ಹೋಯಿತು.

ಬೀಗದ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತಂದಳು.

ಹಳೇ ಬಾಗಿಲು, ಅದರ ಅಡಿಗೂ ಹೊಸ್ತಿಲಿಗೂ ನಡುವೆ ಎರಡು ಬೆರಳಿನ ಸಂದು. ಗೋಪಾಲಮ್ಮ ಒಂದು ಕೈಯನ್ನು ಗೋಡೆಗೆ ಊರಿ ಮಂಡಿ ಮಡಿಚಿ ಕೂತಳು. ಬೀಗದ ಕೈಯನ್ನು ಸಂದಿನ ಬಾಯಿಗೆ ಇಟ್ಟು, ಮತ್ತೆ ಬೇಕೆನಿಸಿದರೂ ಕೈಗೆ ಎಟುಕದಿರಲಿ ಎಂದು, ಅಂಗೈಯಿಂದ ಜೋರಾಗಿ ತಳ್ಳಿದಳು. ಅದು ಸಿಮೆಂಟಿನ ನೆಲದ ಮೇಲೆ ಸದ್ದು ಮಾಡಿಕೊಂಡು ಹೋಗಿ ಒಳಗೆಲ್ಲೋ ದೂರದಲ್ಲಿ ನಿಂತಿತು.